ಆಡಿ ಗಾಳಿ, 12 ಮೈಕ್ರಾನ್

ಕೊಯಮತ್ತೂರಿನಿಂದ ಬೆಂಗಳೂರಿಗೆ ಬರುವ ಉದಯ್ ಎಕ್ಸ್‌ಪ್ರೆಸ್ ಹೊರಡುವುದು ಬೆಳಿಗ್ಗೆ 5.45ಕ್ಕೆ. ಐದು ಗಂಟೆಗೇ ಲಾಡ್ಜಿನ ಕೆಳಗೆ ನನ್ನ ಹಳೆಯ ಜೊತೆಗಾರನ ಸ್ಕೂಟರ್ ಹಾರ್ನ್ ಕೇಳಿಸಿತು. ಬರಬೇಡ ಮಾರಾಯ, ಆಟೋ ಸಿಗುತ್ತೆ ಅಂತ ರಾತ್ರಿಯೇ ಹೇಳಿದ್ದೆ. ಕೇಳುವ ಆಸಾಮಿಯಲ್ಲ. ನನ್ನ ಟೂಲ್ ಬ್ಯಾಗನ್ನು ಕಾಲ ಸಂದಿಯಲ್ಲಿ ಇರಿಸಿಕೊಂಡ, ಬಟ್ಟೆ ಬ್ಯಾಗು ನನ್ನ ಬೆನ್ನ ಮೇಲೆ. ಗಾಂಧಿಪುರಂನಿಂದ ಸ್ಟೇಷನ್‌ವರೆಗೆ ಗಾಳಿ ಎದೆಗೇ ಹೊಡೆಯುತ್ತಿತ್ತು. ಇಬ್ಬರೂ ಮಾತಾಡಲಿಲ್ಲ. ಗಾಳಿಯ ನೆಪ ಒಳ್ಳೆಯದಾಯಿತು. ಮಂಗಳವಾರದಿಂದ ನನ್ನ ಬಾಯಲ್ಲಿ ಒಂದು ಮಾತು ಬಾಕಿ ಉಳಿದಿತ್ತು, ಅದನ್ನು ಎಲ್ಲಿಂದ ಶುರು ಮಾಡಬೇಕೋ ತಿಳಿದಿರಲಿಲ್ಲ.

ನಾನು ಪೀಣ್ಯದ ಒಂದು ಮೆಷಿನ್ ಟೂಲ್ ಕಂಪನಿಯಲ್ಲಿ ಸರ್ವೀಸ್ ಇಂಜಿನಿಯರ್. ಸಿಎನ್‌ಸಿ ಲೇತು (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಯಂತ್ರ) ಮಾರಾಟವಾದ ಮೇಲೆ ಅದರ ಹಿಂದೆಯೇ ಹೋಗಿ, ಲೆವೆಲ್ ಮಾಡಿ, ಓಡಿಸಿ ತೋರಿಸಿ, ಗಿರಾಕಿಯ ಸಹಿ ಹಾಕಿಸಿಕೊಂಡು ಬರುವುದು ಕೆಲಸ. ಅವನು 2007ರಲ್ಲಿ ನನ್ನ ಜೊತೆಗೇ ಟ್ರೈನಿಯಾಗಿ ಸೇರಿದವನು. ಹೆಸರು ಇಲ್ಲಿ ಬೇಡ, ಪೀಣ್ಯದಲ್ಲಿ ಹೇಗೂ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಮೈಕ್ರಾನ್’ ಅಂದರೆ ಅವನೇ. ಬೇರೆಯವರು ಡಯಲ್ ಗೇಜಿನ ಮುಳ್ಳು ಗೆರೆಯ ಹತ್ತಿರ ಬಂದರೆ ಸಾಕು ಅನ್ನುವ ಕಡೆ, ಇವನು ಗೆರೆಯ ಮೇಲೆ ನಿಲ್ಲುವವರೆಗೂ ಬೋಲ್ಟ್ ಬಿಡುತ್ತಿರಲಿಲ್ಲ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ತಲೆಗೂದಲು ಹೆಚ್ಚೂಕಮ್ಮಿ 70 ಮೈಕ್ರಾನ್ ದಪ್ಪ. ಇವನ ಜಗಳವೆಲ್ಲ ಆ ಕೂದಲನ್ನು ಹತ್ತಾಗಿ ಸೀಳಿದ ಮೇಲೆ ಶುರುವಾಗುವುದು.

ಊರು ತಾಳವಾಡಿ. ಚಾಮರಾಜನಗರದ ಪಕ್ಕದಲ್ಲಿದ್ದರೂ ಸೇರಿರುವುದು ಈರೋಡು ಜಿಲ್ಲೆಗೆ. ರೇಷನ್ ಕಾರ್ಡ್ ತಮಿಳು, ಮನೆಮಾತು ಕನ್ನಡ. 2019ರಲ್ಲಿ ಅಪ್ಪ ತೀರಿಕೊಂಡಾಗ ಅವ್ವ ಊರು ಬಿಟ್ಟು ಬರಲು ಒಪ್ಪಲಿಲ್ಲ. ಬೆಂಗಳೂರಿಗಿಂತ ಕೊಯಮತ್ತೂರು ಹತ್ತಿರ, ಶನಿವಾರ ಹೊತ್ತು ಮುಳುಗುವ ಮೊದಲು ಬಣ್ಣಾರಿ ದಾಟಿ ದಿಂಬಂ ಘಾಟಿಯ 27 ತಿರುವು ಹತ್ತಿದರೆ ಅವ್ವನ ಕೈಯೂಟ ಅಂತ ಲೆಕ್ಕ ಹಾಕಿ, ಇಲ್ಲಿನ ಪಂಪ್ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗಕ್ಕೆ ಸೇರಿಕೊಂಡ.

ಅದಕ್ಕೂ ಮೊದಲಿನ 12 ವರ್ಷ ನಾವಿಬ್ಬರೂ ಒಟ್ಟಿಗೆ ಸುತ್ತಿದವರು. ರಾಜಕೋಟ್, ಪುಣೆ, ಲೂಧಿಯಾನ, ಫರೀದಾಬಾದ್. ಕಂಪನಿ ಇಬ್ಬರಿಗೆ ಒಂದೇ ರೂಮಿನ ದುಡ್ಡು ಕೊಡುತ್ತಿತ್ತು. ಅವನ ಗೊರಕೆ ಎಷ್ಟು ಹೊತ್ತಿಗೆ ಯಾವ ಶ್ರುತಿಗೆ ಏರುತ್ತದೆ ಅಂತ ಗೊತ್ತು, ರಾತ್ರಿ ಸಾಕ್ಸ್ ಒಗೆದು ಫ್ಯಾನಿನ ಕೆಳಗೆ ಕುರ್ಚಿಗೆ ಹರಡುವುದು ಗೊತ್ತು, ಎಂತಹ ಊರಿಗೆ ಹೋದರೂ ಎರಡನೇ ದಿನ ‘ಹಿಟ್ಟು ಸಿಕ್ಕದಾ ಇಲ್ಲಿ?’ ಅಂತ ಮುದ್ದೆ ಹುಡುಕುವುದೂ ಗೊತ್ತು. ಆದರೆ ಅವನ ಮನೆ ಹೇಗಿದೆ ಅಂತ ನಾನು ನೋಡಿರಲಿಲ್ಲ. ಅವನೂ ನನ್ನ ಮನೆ ನೋಡಿರಲಿಲ್ಲ. ಊರಿಗೆ ವಾಪಸು ಬಂದ ಕೂಡಲೇ ಯಶವಂತಪುರದಲ್ಲಿ ಇಳಿದು ಅವನು ಅತ್ತ, ನಾನು ಇತ್ತ. ಇದಕ್ಕೆ ಗೆಳೆತನ ಅನ್ನಬಹುದೋ, ಬರೀ ಡ್ಯೂಟಿ ಅನ್ನಬೇಕೋ ಅಂತ ಆಗ ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ.

ಬಂದದ್ದು 2025ರ ಜುಲೈ ಕೊನೆಯ ವಾರದಲ್ಲಿ. ನಮ್ಮ ಕಂಪನಿಯ ಲೇತನ್ನು ಅವನ ಕಾರ್ಖಾನೆ ಕೊಂಡಿತ್ತು. ಎರೆಕ್ಷನ್ ಹುಡುಗರು ಹಿಂದಿನ ವಾರವೇ ಕೂರಿಸಿ ಹೋಗಿದ್ದರು. ಅಂತಿಮ ಟ್ರಯಲ್ ತೋರಿಸಿ ಸಹಿ ಹಾಕಿಸಲು ನಾನು. ಸಹಿ ಹಾಕಬೇಕಾದವನು ಅವನು. ಬಾಸ್ ಖುಷಿಯಲ್ಲಿದ್ದರು. ‘ನಿಮ್ಮ ದೋಸ್ತ್ ಅಲ್ವೇನ್ರೀ, ಎರಡು ದಿನದಲ್ಲಿ ಮುಗಿಸಿ ಬನ್ನಿ. 31ರೊಳಗೆ ಆ ಕೊನೆಯ ಶೇಕಡಾ 10 ಬಿಲ್ ಆಗಬೇಕು’ ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಸುಳ್ಳು ಯಾಕೆ ಹೇಳಲಿ, ಎರಡೇ ಜೊತೆ ಬಟ್ಟೆ ತುಂಬಿಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಕಾರ್ಖಾನೆಯ ಎದುರಿನ ಟೀ ಅಂಗಡಿಯಲ್ಲಿ ನಾನು ಜೇಬಿಗೆ ಕೈ ಹಾಕಿದರೆ ಅವನು ತಡೆದ. ‘ಸೈನ್ ಆಗಗಂಟ ನಿನ್ನ ಕಾಸಿನ ಟೀ ಬ್ಯಾಡ ಕನಾ’ ಅಂದ. ನಕ್ಕೆ. ಅವನು ನಗಲಿಲ್ಲ.

ಮಾಡಬೇಕಾದದ್ದು ಪಂಪಿನ ಬೇರಿಂಗ್ ಹೌಸಿಂಗ್. 62 ಮಿ.ಮೀ. ಬೋರು, ಅಂದರೆ ಒಳಗಿನ ತೂತು; ಹೆಚ್ಚುಕಮ್ಮಿಗೆ ಡ್ರಾಯಿಂಗ್‌ನಲ್ಲಿ ಕೊಟ್ಟ ಅವಕಾಶ 30 ಮೈಕ್ರಾನ್. 50 ಪೀಸ್ ಒಂದೇ ಸಮನೆ ತೆಗೆದು, ಒಂದೊಂದನ್ನೂ ಬೋರ್ ಗೇಜಿನಲ್ಲಿ ಅಳೆದು, ಗ್ರಾಫ್ ಹಾಕಬೇಕು. ಒಂಬತ್ತೂವರೆಗೆ ಶುರು ಮಾಡಿದೆವು. ಇಪ್ಪತ್ತು ಪೀಸಿನವರೆಗೆ ಗೆರೆ ನೀರು ನಿಂತ ಹಾಗೆ. ಹನ್ನೊಂದರ ಹೊತ್ತಿಗೆ ನಿಧಾನಕ್ಕೆ ಏರತೊಡಗಿತು. 12 ಮೈಕ್ರಾನ್ ಏರಿ, ಊಟದ ಹೊತ್ತಿಗೆ ತಾನಾಗಿಯೇ ಇಳಿಯಿತು. 50ಕ್ಕೆ 50 ಪೀಸೂ ಡ್ರಾಯಿಂಗ್ ಒಳಗೇ ಇದ್ದವು. ಒಂದೂ ರಿಜೆಕ್ಟ್ ಇಲ್ಲ. ನಾನು ಪೆನ್ನು ಮುಂದೆ ಚಾಚಿದೆ.

‘ಇವತ್ತು ಒಳಗದ. ಇನ್ಸರ್ಟ್ ಸವೆದ ದಿನ?’ ಅಂದ. ಇನ್ಸರ್ಟ್ ಅಂದರೆ ಟೂಲಿನ ಕೊರೆಯುವ ಮೊನೆ.

ನಮ್ಮ ಅಕ್ಸೆಪ್ಟೆನ್ಸ್ ಫಾರ್ಮಿನಲ್ಲಿ ಏರಿಳಿತ 10 ಮೈಕ್ರಾನ್ ಮೀರಬಾರದು ಅಂತ ಒಂದು ಸಾಲಿದೆ. ಯಾವ ಗಿರಾಕಿಯೂ ಆ ಸಾಲನ್ನು ಓದುವುದಿಲ್ಲ. ಇವನು ಓದುತ್ತಾನೆ, ಯಾಕೆಂದರೆ ನಮ್ಮಲ್ಲಿದ್ದಾಗ ಆ ಫಾರ್ಮು ತಯಾರು ಮಾಡಿದವನೇ ಇವನು. ‘ಗುರು, ಎರಡು ಮೈಕ್ರಾನ್. ಆಡಿ ತಿಂಗಳಲ್ವಾ, ಸ್ವಲ್ಪ ತಳ್ಳುಪಡಿ ಕೊಡು’ ಅಂದೆ. ತಮಿಳುನಾಡಿನಲ್ಲಿ ಆಡಿ ಬಂತೆಂದರೆ ಅಂಗಡಿಗಳಲ್ಲೆಲ್ಲ ಡಿಸ್ಕೌಂಟಿನ ಬೋರ್ಡು. ‘ಬಟ್ಟೆ ಅಂಗ್ಡಿಗೆ ಹೋಗ್ಲಾ’ ಅಂದ, ಗ್ರಾಫ್ ಮಡಚಿ ಫೈಲಿಗೆ ಸೇರಿಸಿದ.

ಟೀ ವಿರಾಮದಲ್ಲಿ ಮೆಷಿನ್ ಹತ್ತು ನಿಮಿಷ ನಿಂತಾಗ, ಲೋಹದ ತುಂಡನ್ನು ತಿರುಗಿಸುವ ಸ್ಪಿಂಡಲ್ ತಣ್ಣಗಾಗಿ ಹೀಗಾಗಿರಬಹುದು ಅನ್ನುವುದು ನಮ್ಮಿಬ್ಬರ ಮೊದಲ ಗುಮಾನಿ. ಬಿಸಿಯೇ ನಮ್ಮ ಕಸುಬಿನ ಶತ್ರು. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಗೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ಲೇತಿನಲ್ಲಂತೂ ಟೂಲ್ ಒಂದು ಮೈಕ್ರಾನ್ ಸರಿದರೆ ವ್ಯಾಸದಲ್ಲಿ ಎರಡರಷ್ಟು ಕಾಣುತ್ತದೆ. ಹಾಗಾಗಿ ಮಂಗಳವಾರ ಟೀಗೆ ನಿಲ್ಲಿಸದೆ ಓಡಿಸೋಣ ಅಂತ ಮಾತಾಯಿತು. ಆಪರೇಟರ್ ವಯಸ್ಸಾದವರು, ಅವರನ್ನು ಟೀಗೆ ಕಳಿಸಿ ನಾನೇ ಪ್ಯಾನೆಲ್ ಮುಂದೆ ನಿಂತೆ. ಅವನೂ ಮೀಟಿಂಗಿಗೆ ಅಂತ ಮೇಲೆ ಹೋಗಿದ್ದ.

ಗೆರೆ ಮತ್ತೆ ಏರುತ್ತಿತ್ತು. ಫೋನಿನಲ್ಲಿ ಬಾಸ್‌ದು ಮೂರು ಮಿಸ್ಡ್ ಕಾಲ್. ಸುತ್ತ ಯಾರೂ ಇರಲಿಲ್ಲ. ಟೂಲ್ ಸವೆತಕ್ಕೆ ತಕ್ಕಂತೆ ಅಳತೆ ತಿದ್ದುವ ವೇರ್ ಆಫ್‌ಸೆಟ್ ಪೇಜು ತೆಗೆದು ಮೈನಸ್ 4 ಮೈಕ್ರಾನ್ ಒತ್ತಿದೆ. ಇನ್‌ಪುಟ್ ಕೀ ಒತ್ತುವುದಕ್ಕೆ ಅರ್ಧ ಸೆಕೆಂಡು ಸಾಕು. 18 ವರ್ಷದ ಸರ್ವೀಸಿನಲ್ಲಿ ಟ್ರಯಲ್ ನಡುವೆ ಹಾಗೆ ಕೈ ಹಾಕಿದ್ದು ಅದೇ ಮೊದಲು ಅಂತ ಬರೆಯಲು ಕೈ ಹೋಗುತ್ತಿದೆ, ಆದರೆ ಅದು ಪೂರ್ತಿ ನಿಜವಲ್ಲ. ಅವನ ಮೆಷಿನ್‌ನಲ್ಲಿ ಮೊದಲು, ಅಷ್ಟೇ.

ಒಟ್ಟು ಏರಿಳಿತ ಈ ಸಲ 8. ಅವನು ಬಂದು ಗ್ರಾಫ್ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಮೆತ್ತಗೆ, ‘ಎಲ್ರೂ ಟೀಗೆ ಹೋದಾಗ ಮೆಷಿನ್‌ಗೂ ಟೀ ಕುಡಿಸ್ದಾ?’ ಅಂದ.

ನಾನು ಸುಮ್ಮನಿದ್ದೆ.

‘ಬಿಸಿ ಆಗಲಿ ತಂಪಾಗಲಿ ಇಳಿಜಾರ್ನಲ್ಲಿ ಬತ್ತದ ಕನಾ. ಮೆಟ್ಲು ಕಟ್ಟದು ಮನ್ಸ’ ಅಂತ ಪೆನ್ಸಿಲ್ ತುದಿಯನ್ನು 27ನೇ ಪೀಸಿನ ಮೇಲೆ ಇಟ್ಟ. ಅಲ್ಲಿ ಗೆರೆ ಏರುವುದನ್ನು ಬಿಟ್ಟು ಧೊಪ್ಪನೆ ನಾಲ್ಕು ಮನೆ ಕೆಳಗೆ ಬಿದ್ದಿತ್ತು.

ಸಿಕ್ಕಿಬಿದ್ದವನಿಗೆ ಸಿಟ್ಟು ಜಾಸ್ತಿ. ಸಂಜೆ ಆರಕ್ಕೆ ಶಿಫ್ಟ್ ಬಿಟ್ಟ ಮೇಲೆ ಮೆಷಿನ್ ಪಕ್ಕದಲ್ಲೇ ನಿಂತು ಕೂಗಾಡಿದೆ. ಸುತ್ತ ಇರುವವರೆಲ್ಲ ತಮಿಳರು, ಕನ್ನಡದಲ್ಲಿ ಎಷ್ಟು ಕೂಗಿದರೂ ಗುಟ್ಟು ಗುಟ್ಟಾಗಿಯೇ ಇರುತ್ತದೆ ಅನ್ನುವ ಧೈರ್ಯ. ಒಂದು ಪೀಸೂ ಹೋಗಿಲ್ಲ, ಬೇಕಂತಲೇ ಆಟ ಆಡಿಸುತ್ತಿದ್ದೀಯ, ನಿನಗೆ ಕೆಲಸ ಕಲಿಸಿದ್ದು ಯಾವ ಕಂಪನಿ ಅಂತ ಶುರುಮಾಡಿ ಕೊನೆಗೆ, ‘ಉಂಡ ಮನೆ ಜಂತೆ ಎಣಿಸೋನು ನೀನು’ ಅಂದುಬಿಟ್ಟೆ. ಅವನು ಉತ್ತರ ಕೊಡಲಿಲ್ಲ. ಗೇಜನ್ನು ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ, ಡಬ್ಬಿಯಲ್ಲಿಟ್ಟು ಬೀಗ ಹಾಕಿ ಹೋದ.

ಆ ರಾತ್ರಿ ಲಾಡ್ಜಿನಲ್ಲಿ ನಿದ್ದೆ ಬರಲಿಲ್ಲ. ನೆನಪಾದದ್ದು ಲೂಧಿಯಾನ. 2009ರ ಜನವರಿ. ಉಸಿರು ಬಿಟ್ಟರೆ ಹೊಗೆ ಕಾಣುವಂಥ ಚಳಿ. ಪ್ರೋಗ್ರಾಂ ಹೊಡೆದವನು ನಾನು. ಟೂಲುಗಳನ್ನು ಹಿಡಿದಿರುವ ಟರೆಟ್ 100 ಮಿ.ಮೀ. ಹಿಂದೆ ಸರಿದು ಆಮೇಲೆ ತಿರುಗಬೇಕಿತ್ತು. ನೂರರ ಮುಂದೆ ಚುಕ್ಕೆ ಇಡಲು ಮರೆತೆ. ಆ ಕಂಟ್ರೋಲರ್‌ಗೆ ಚುಕ್ಕೆ ಇಲ್ಲದ ನೂರು ಅಂದರೆ 100 ಮೈಕ್ರಾನ್. ಜಾಬಿನಿಂದ ಕೂದಲೆಳೆ ದೂರದಲ್ಲಿ ನಿಂತು ಟರೆಟ್ ತಿರುಗಿತು, ಪಕ್ಕದ ಬೋರಿಂಗ್ ಬಾರ್ ಜಾಬನ್ನು ಹಿಡಿದು ಗಿರ್ರನೆ ಸುತ್ತುತ್ತಿದ್ದ ಚಕ್‌ಗೆ ಹೋಗಿ ಬಡಿಯಿತು. ಆ ಸದ್ದನ್ನು ಕೇಳಿದವರಿಗೆ ವಿವರಿಸಬೇಕಿಲ್ಲ, ಕೇಳದವರಿಗೆ ವಿವರಿಸಲು ಬರುವುದಿಲ್ಲ. ಎರಡು ರಾತ್ರಿ ಕೂತು ಇಬ್ಬರೂ ಅಲೈನ್‌ಮೆಂಟ್ ಸರಿಮಾಡಿದೆವು. ವರದಿ ಬರೆಯುವಾಗ ನಾನು ‘ಕರೆಂಟ್ ಏರಿಳಿತ’ ಅಂತ ಬರೆಯೋಣ ಅಂದೆ. ಎಲ್ಲರೂ ಬರೆಯುವುದೇ ಅದು. ಅವನು ಪೆನ್ನು ಕಿತ್ತುಕೊಂಡು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದ: ಪ್ರೋಗ್ರಾಂ ತಪ್ಪಿನಿಂದ ಆದ ಅಪಘಾತ, ತಪ್ಪು ನಮ್ಮ ಇಂಜಿನಿಯರ್ಸ್‌ದು. ಇಂಜಿನಿಯರ್ ಅಲ್ಲ, ಇಂಜಿನಿಯರ್ಸ್. ತಪ್ಪು ಆದಾಗ ಅವನು ಟೂಲ್ ಇಡುವ ಕೋಣೆಯಲ್ಲಿದ್ದ. ಬೆಂಗಳೂರಿಗೆ ಬಂದ ಮೇಲೆ ಇಬ್ಬರಿಗೂ ಆ ವರ್ಷದ ಇನ್‌ಕ್ರಿಮೆಂಟ್ ಕತ್ತರಿಯಾಯಿತು. ಆ ಒಂದು ‘ಎಸ್’ ಅಕ್ಷರದ ಬಗ್ಗೆ ನಾವು ಯಾವತ್ತೂ ಮಾತಾಡಿಲ್ಲ.

ಬುಧವಾರ ಬೆಳಿಗ್ಗೆ ಗೇಟಿನಲ್ಲಿ ಎದುರಾದ. ಟೀ ಕುಡಿಸಿದ, ಅವನೇ ದುಡ್ಡು ಕೊಟ್ಟ. ‘ಒಂದ್ರಿಂದ ಶುರು ಮಾಡವ’ ಅಂದ, ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ. ಅವನು ಮೇಲಿನವರಿಗೆ ಏನು ಹೇಳಿದ್ದ, ಮಂಗಳವಾರದ ಟ್ರಯಲ್ ಯಾಕೆ ಲೆಕ್ಕಕ್ಕಿಲ್ಲ ಅಂದಿದ್ದ, ನನಗೆ ಗೊತ್ತಾಗಲಿಲ್ಲ.

ಮೆಷಿನ್ ಆನ್ ಮಾಡುತ್ತಿದ್ದ ಆಪರೇಟರ್ ನನ್ನ ಕಡೆ ತಿರುಗಿ, ‘ನೇತ್ತು ಜಗಳ ಜೋರಾಗಿತ್ತು ಸಾರ್’ ಅಂದರು. ಕನ್ನಡದಲ್ಲಿ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ದೇವಾಂಗರು. ಕೊಯಮತ್ತೂರು, ಈರೋಡು, ಸೇಲಂ ಕಡೆ ಮನೆಯಲ್ಲಿ ಕನ್ನಡವಾಡುವ ನೇಕಾರ ಕುಟುಂಬಗಳು ತಲೆಮಾರುಗಳಿಂದ ಇವೆ, ಚೌಡೇಶ್ವರಿ ಅವರ ದೇವರು. ಅವರ ಕನ್ನಡದಲ್ಲಿ ತಮಿಳಿನ ಎಳೆ ಹಾಸುಹೊಕ್ಕಾಗಿತ್ತು, ಆದರೂ ಒಂದು ಮಾತೂ ಬಿಡದೆ ಅರ್ಥವಾಗುತ್ತಿತ್ತು. ಅಂದರೆ ನನ್ನ ಜಂತೆಯೂ ಅವರಿಗೆ ಅರ್ಥವಾಗಿತ್ತು.

ಅವರು ಜಂತೆಯ ಸುದ್ದಿ ಎತ್ತಲಿಲ್ಲ. ಲಾರಿಯ ಸುದ್ದಿ ಎತ್ತಿದರು. ಫೌಂಡ್ರಿಯಿಂದ ಕಾಸ್ಟಿಂಗ್ ಲಾರಿ ಬರುವುದು ದಿನಾ ಹನ್ನೊಂದಕ್ಕೆ. ಆಗ ಮೆಷಿನ್ ಹಿಂದಿನ ಪಡುವಣ ಶಟರ್ ಮೇಲೇಳುತ್ತದೆ. ಅನ್‌ಲೋಡ್ ಮುಗಿಯುವವರೆಗೆ ಒಂದು ಗಂಟೆ ತೆರೆದೇ ಇರುತ್ತದೆ. ನೀವಿಬ್ಬರೂ ಗ್ರಾಫ್ ನೋಡುತ್ತಿದ್ದಿರಿ, ನಾನು ಬೆನ್ನಿಗೆ ಗಾಳಿ ಹೊಡೆಯುವುದನ್ನು ನೋಡುತ್ತಿದ್ದೆ ಅಂದರು.

ಪಶ್ಚಿಮ ಘಟ್ಟದ ಸಾಲು ಪಾಲಕ್ಕಾಡಿನ ಹತ್ತಿರ ಮೂವತ್ತು ಚಿಲ್ಲರೆ ಕಿ.ಮೀ. ಅಗಲಕ್ಕೆ ಬಾಯಿ ತೆರೆದಿದೆ. ಮುಂಗಾರಿನ ಗಾಳಿ ಅಲ್ಲಿಂದ ನುಗ್ಗಿ ನೇರ ಈ ಬಯಲಿಗೆ ಬೀಳುತ್ತದೆ. ಆ ಕಡೆ ಅಷ್ಟೊಂದು ಗಾಳಿಯಂತ್ರ ನಿಂತಿರುವುದು ಅದಕ್ಕೇ. ಆಡಿ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಅಂತ ತಮಿಳಿನ ಗಾದೆ. ನಮ್ಮಲ್ಲೂ ಆಷಾಢದ ಗಾಳಿ ಅಂದರೆ ಹೆಂಚು ಹಿಡಿದುಕೊಳ್ಳಬೇಕು. ನಮ್ಮ ಆಷಾಢ ಆಗಲೇ ಮುಗಿದಿತ್ತು, ಅವರ ಆಡಿ ನಡೆಯುತ್ತಿತ್ತು. ಕಲ್ಲು ಹಾರಿಸುವ ಗಾಳಿಗೆ ಆರು ಮೈಕ್ರಾನ್ ಟೂಲ್ ಸರಿಸುವುದು ಯಾವ ದೊಡ್ಡ ಕೆಲಸ? ಶಟರ್ ಎದ್ದ ಕೂಡಲೇ ತಣಿಸುವ ದ್ರವದ ಟ್ಯಾಂಕಿಗೂ ಮೆಷಿನ್ ತಳದ ಒಂದು ಮಗ್ಗುಲಿಗೂ ತಣ್ಣನೆಯ ಗಾಳಿ ಬಡಿಯುತ್ತಿತ್ತು. ಇನ್ನೊಂದು ಮಗ್ಗುಲು ಬೆಚ್ಚಗೇ ಇತ್ತು.

ಹನ್ನೊಂದಕ್ಕೆ ಲಾರಿ ಬಂತು. ಡ್ರೈವರನ ಟಾರ್ಪಾಲನ್ನೇ ಇಸಿದುಕೊಂಡು, ಏಣಿ ಇಟ್ಟು ಮೂವರೂ ಸೇರಿ ಮೆಷಿನ್ ಹಿಂದೆ ಕಟ್ಟಿದೆವು. ಟಾರ್ಪಾಲು ಹಾಯಿಯಂತೆ ಉಬ್ಬಿ ನಮ್ಮನ್ನೇ ಎತ್ತಿಕೊಂಡು ಹೋಗುವುದರಲ್ಲಿತ್ತು. ಅವನು ಒಂದು ಮೂಲೆಯ ಹಗ್ಗ ಹಲ್ಲಲ್ಲಿ ಕಚ್ಚಿ ಗಂಟು ಹಾಕುತ್ತಿದ್ದ, ನಾನು ಇನ್ನೊಂದು ಮೂಲೆ ಹಿಡಿದು ತೂಗಾಡುತ್ತಿದ್ದೆ. ಒಂದು ಕ್ಷಣ ಇಬ್ಬರಿಗೂ ನಗು ಬಂತು. ಗೆರೆ ಏರಲಿಲ್ಲ. ಗುರುವಾರ ಮತ್ತೆ ಐವತ್ತು ಪೀಸ್, ಟಾರ್ಪಾಲು ಕಟ್ಟಿಯೇ. ಏರಿಳಿತ 7.

ಮೆಷಿನ್‌ನದಲ್ಲ, ಜಾಗದ್ದು ತಪ್ಪು. ಅಂದರೆ ಅವರ ಕಂಪನಿಯದು. ಶಟರ್‌ಗೆ ಪರದೆ ಹಾಕಿಸುವ ಖರ್ಚು ಅವರ ತಲೆಗೆ. ಅವನ ಮ್ಯಾನೇಜರ್ ಮುಖ ಗಂಟಿಕ್ಕಿದರು, ‘ಇದನ್ನು ರಿಪೋರ್ಟ್‌ನಲ್ಲಿ ಹಾಕಲೇಬೇಕಾ?’ ಅಂದರು. ‘ಹಾಕ್ಲೇಬೇಕು ಸಾರ್’ ಅಂತ ತಮಿಳಿನಲ್ಲಿ ಅಂದ. ನನಗೆ ಎರಡು ದಿನದ ಹಿಂದೆ ಹೇಳಿದ್ದೂ ಇದೇ ದನಿಯಲ್ಲಿ. ಅಲ್ಲೇ ಮೇಜಿನ ಮೇಲೆ ಕೂತು ವರದಿ ಬರೆದು, ಸಹಿ ಹಾಕಿ, ಸೀಲ್ ಒತ್ತಿ, ನನ್ನ ಪ್ರತಿಯನ್ನು ಕವರಿನಲ್ಲಿ ಹಾಕಿಕೊಟ್ಟ. ‘ಈಗ ನೀ ಕುಡ್ಸು’ ಅಂದ. ಎರಡು ಟೀ, ಎರಡು ವಡೆ. ಐದು ದಿನದಲ್ಲಿ ನಾನು ಅವನಿಗಾಗಿ ಖರ್ಚು ಮಾಡಿದ್ದು ಅಷ್ಟೇ.

ಅಲ್ಲಿಂದ ಮನೆಗೆ ಕರೆದುಕೊಂಡು ಹೋದ. 18 ವರ್ಷದಲ್ಲಿ ಮೊದಲ ಸಲ. ಅವ್ವ ತಾಳವಾಡಿಯಿಂದ ಬಂದಿದ್ದರು. ಹಿಟ್ಟು, ಉಪ್ಸಾರು. ಎರಡನೇ ಮುದ್ದೆ ಬೇಡವೆಂದರೂ ತಟ್ಟೆಗೆ ಬಂತು. ‘ಇಂವ ನಿನ್ನ ಸುದ್ದಿ ಹೇಳಿ ಹೇಳಿ ನಂಗ ನೀ ಹಳಬನಂಗಾಗಿದ್ದಯ್ ಕನಪ್ಪ’ ಅಂದರು ಅವ್ವ. ಏನು ಸುದ್ದಿ ಹೇಳಿದ್ದಾನೋ ಅಂತ ಎದೆ ಧಸಕ್ಕೆಂದಿತು. ಫರೀದಾಬಾದಿನ ಲಾಡ್ಜಿನಲ್ಲಿ ನಾನು ಅವನ ಗೊರಕೆ ತಾಳಲಾರದೆ ಹಾಸಿಗೆ ಎಳೆದುಕೊಂಡು ಹೋಗಿ ಬಚ್ಚಲಲ್ಲಿ ಮಲಗಿದ್ದ ಕತೆಯಂತೆ. ಹೆಂಡತಿ, ಮಗಳು, ಅವ್ವ ಎಲ್ಲರೂ ನಕ್ಕರು. ಅಷ್ಟು ಜನರ ನಡುವೆ ಜಂತೆಯ ಮಾತು ಎತ್ತಲು ಆಗಲಿಲ್ಲ.

ಸ್ಟೇಷನ್‌ನಲ್ಲಿ ಗಾಡಿ ಆಗಲೇ ನಿಂತಿತ್ತು. ಒಂದು ಚೀಲ ಕೈಗಿತ್ತ. ಎರಡು ಕೆಜಿ ರಾಗಿಹಿಟ್ಟು, ಅವ್ವ ಕೊಟ್ಟದ್ದು. ಈಗಲಾದರೂ ಹೇಳಿಬಿಡೋಣ ಅಂತ, ‘ಮಂಗಳವಾರ ನಾನು ಆಡಿದ ಮಾತು...’ ಅಂದೆ.

‘ಡಯಲ್ ಗೇಜ್ ಇಟ್ಕಂಡಿದ್ದಯ್ ತಾನೇ? ಹೋದ್ಸಲ ರಾಜಕೋಟ್‌ನಲ್ಲಿ ಬುಟ್ಟು ಬಂದಿದ್ದೆ’ ಅಂದ.

ಅದು 2014ರ ರಾಜಕೋಟ್. ಇಟ್ಟುಕೊಂಡಿದ್ದೇನೆ ಅಂದೆ. ಹೆಗಲು ತಟ್ಟಿದ, ಡ್ಯೂಟಿಗೆ ಹೊತ್ತಾಯಿತು ಅಂತ ಗಾಡಿ ಬಿಡುವ ಮೊದಲೇ ಹೊರಟುಹೋದ. ಕಿಟಕಿಯ ಹತ್ತಿರ ನಿಂತು ಕೈ ಬೀಸುವುದೆಲ್ಲ ಅವನಿಗೆ ಬರುವುದಿಲ್ಲ.

ಡಬಲ್ ಡೆಕ್ಕರಿನ ಮೇಲಿನ ಸೀಟು. ತಿರುಪ್ಪೂರು ದಾಟಿತು, ಈರೋಡು ದಾಟಿ ಕಾವೇರಿಯ ಸೇತುವೆ ಬಂತು. ನಾವು ಕೆಲಸದಲ್ಲಿ ಸಿಕ್ಕವರನ್ನು ಗೆಳೆಯರ ಪಟ್ಟಿಯಲ್ಲಿ ಸುಲಭಕ್ಕೆ ಸೇರಿಸುವುದಿಲ್ಲ. ಶಾಲೆಯಲ್ಲಿ ಜೊತೆಗಿದ್ದವರು, ಬೀದಿಯಲ್ಲಿ ಗೋಲಿ ಆಡಿದವರು ಗೆಳೆಯರು, ಇವರೆಲ್ಲ ‘ಕಲೀಗು’. ನನ್ನ ಶಾಲೆಯ ಗೆಳೆಯರು ಒಳ್ಳೆಯವರೇ. ಮದುವೆ ಮುಂಜಿಗೆ ಬರುತ್ತಾರೆ, ಸಾಲ ಕೇಳಿದರೆ ಕೊಡುತ್ತಾರೆ. ಆದರೆ ನಾನು ಮಾಡುವ ಕೆಲಸ ಎಂಥದ್ದು, ಅದರಲ್ಲಿ ನಾನು ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಅಂತ ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅಷ್ಟು ಒಳಗೆ ನನ್ನನ್ನು ನೋಡಿದವನು ಇವನೊಬ್ಬನೇ, ಅದೂ 27ನೇ ಪೀಸಿನ ಮೇಲೆ ಪೆನ್ಸಿಲ್ ಇಟ್ಟು. ಸಿಟ್ಟು ಬಂದದ್ದು ಅದಕ್ಕೇ ಇರಬೇಕು.

ಸೇಲಂನಲ್ಲಿ ಕಾಫಿ ಕುಡಿದು ಕವರ್ ತೆರೆದೆ. ನಾಲ್ಕೂ ದಿನದ ವಿವರ ಅವನ ಗುಂಡಗಿನ ಇಂಗ್ಲಿಷ್ ಅಕ್ಷರದಲ್ಲಿ. ಸೋಮವಾರ 12. ಬುಧವಾರ ಶಟರ್, ಗಾಳಿ, ಟಾರ್ಪಾಲು. ಕಾರಣ ಕಂಡುಹಿಡಿದವರು ಅಂತ ಆಪರೇಟರ್ ಹೆಸರು. ಗುರುವಾರ 7, ಸ್ವೀಕೃತ. ನಡುವೆ ಮಂಗಳವಾರ: ‘26ನೇ ಪೀಸಿನ ನಂತರ ಆಫ್‌ಸೆಟ್ 4 ಮೈಕ್ರಾನ್ ಬದಲಾಯಿಸಲಾಯಿತು. ಟ್ರಯಲ್ ರದ್ದು.’ ಬದಲಾಯಿಸಲಾಯಿತು. ಯಾರು ಅಂತ ಇಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿದೆ, ಎಲ್ಲಿಯೂ ಇಲ್ಲ. ಒಂದು ಮೈಕ್ರಾನ್ ಸುಳ್ಳೂ ಇರಲಿಲ್ಲ.

ಫೋಟೋ ತೆಗೆದು ಬಾಸ್‌ಗೆ ಕಳಿಸಿದೆ. ಕುಪ್ಪಂ ಹತ್ತಿರ ಅವರ ಫೋನ್ ಬಂತು. ಮೊದಲು ಅಭಿನಂದನೆ, ಬಿಲ್ ನಿನ್ನೆಯ ತಾರೀಖಿಗೇ ಆಯಿತು ಅನ್ನುವ ಸಮಾಧಾನ. ಆಮೇಲೆ, ‘ಅಲ್ರೀ, ಮಂಗಳವಾರ ಆಫ್‌ಸೆಟ್ ಮುಟ್ಟಿದ್ದು ಯಾರು? ಅವರ ಆಪರೇಟರಾ?’ ಅಂತ ಕೇಳಿದರು.

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಟಾರ್ಪಾಲು ಕಟ್ಟಲು ಏಣಿ ಹಿಡಿದ ಆ ಹಿರಿಯರ ಮುಖ ಎದುರಿಗೆ ಬಂತು.

‘ನಾನು ಸಾರ್’ ಅಂದೆ.

ಆ ಕಡೆ ಸದ್ದಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂತ ಫೋನನ್ನು ಕಿವಿಯಿಂದ ತೆಗೆದು ನೋಡಿದೆ, ಹೋಗಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾಸ್, ‘ಸೋಮವಾರ ಬನ್ನಿ, ಮಾತಾಡೋಣ. ಟಿಎ ಬಿಲ್ ಇವತ್ತೇ ಹಾಕಿಬಿಡಿ’ ಅಂತ ಹೇಳಿ ಇಟ್ಟರು. ಕೆ.ಆರ್. ಪುರ ಬರುವಷ್ಟರಲ್ಲಿ ಬಿಲ್ ಬರೆದು ಮುಗಿಸಿದೆ. ಟೀ ಎರಡು, ವಡೆ ಎರಡು ಅನ್ನುವುದನ್ನು ಮಾತ್ರ ಅದರಲ್ಲಿ ಸೇರಿಸಲಿಲ್ಲ.